ಸಿಪಾಯಿ ಎಷ್ಟೆತ್ತರ ಇರಬೇಕು?

ಪೊಟ್ಟಣದ ಮೇಲೆ 28 ಮಿಲಿಮೀಟರ್ ಎಂದು ಬರೆದಿದ್ದರೆ ಒಳಗಿರುವುದೂ 28 ಮಿಲಿಮೀಟರೇ ಇರಬೇಕು ಎಂದು ನಂಬುವ ಜಾತಿಯವನು ನಾನು. ಎಂಜಿನಿಯರಿಂಗ್ ಓದಿದವರಲ್ಲಿ ಇಂಥ ಮೂಢನಂಬಿಕೆಗಳು ಒಂದಷ್ಟು ಉಳಿದುಬಿಡುತ್ತವೆ. ಆಟದ ಸಿಪಾಯಿಗಳ ಹುಚ್ಚಿಗೆ ಬಿದ್ದ ಹೊಸತರಲ್ಲಿ ಅಂಚೆಯಲ್ಲಿ ಎರಡು ಪೊಟ್ಟಣ ತರಿಸಿದ್ದೆ. ಎರಡೂ ಬೇರೆ ಬೇರೆ ತಯಾರಕರದ್ದು, ಎರಡರ ಮೇಲೂ 28 ಮಿ.ಮೀ. ಎಂದೇ ಅಚ್ಚಾಗಿತ್ತು. ಒಡೆದು, ಒಂದೊಂದರಿಂದ ಒಬ್ಬೊಬ್ಬ ಸಿಪಾಯಿಯನ್ನು ತೆಗೆದು ಊಟದ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದರೆ ಒಬ್ಬನ ನೆತ್ತಿ ಇನ್ನೊಬ್ಬನ ಮೂಗಿಗೆ ಬರುತ್ತಿದೆ. ಇಬ್ಬರೂ ವಾಟರ್ಲೂ ಕಾಲದ ಇಂಗ್ಲಿಷ್ ಕಾಲಾಳುಗಳೇ. ಬಣ್ಣ ಹಚ್ಚಿದ ಮೇಲೆ ಒಂದೇ ಕೆಂಪು ಕೋಟು ತೊಟ್ಟು ಒಂದೇ ಸಾಲಿನಲ್ಲಿ ನಿಲ್ಲಬೇಕಾದವರು. ಸಾಲು ಅಲ್ಲೇ ಡೊಂಕಾಯಿತು.

ಸ್ಟೀಲ್ ಸ್ಕೇಲು ತಂದು ಅಳೆದೆ. ಆಮೇಲೆ ಬಲ್ಲವರನ್ನು ಕೇಳಿದೆ. ಇಬ್ಬರು ತಯಾರಕರೂ ಸುಳ್ಳು ಹೇಳಿಲ್ಲವಂತೆ! ಕೆಲವರು ಅಂಗಾಲಿನಿಂದ ನೆತ್ತಿಯವರೆಗೆ ಅಳೆಯುತ್ತಾರೆ, ಕೆಲವರು ಅಂಗಾಲಿನಿಂದ ಕಣ್ಣಿನವರೆಗೆ. ಕಣ್ಣಿನವರೆಗೆ ಅಳೆಯುವವರ ವಾದ ಕೇಳಿದರೆ ಅದೂ ನ್ಯಾಯವೇ. ಸಿಪಾಯಿಯ ತಲೆಯ ಮೇಲೆ ಟೋಪಿಯೋ ಪೇಟವೋ ಶಿರಸ್ತ್ರಾಣವೋ ಏನಾದರೊಂದು ಇದ್ದೇ ಇರುತ್ತದೆ. ಅದರೊಳಗೆ ನೆತ್ತಿ ಎಲ್ಲಿಗೆ ಮುಗಿಯಿತು ಎಂದು ಕಂಡವರಾರು? ಕಣ್ಣಾದರೆ ಹೊರಗೇ ಕಾಣುತ್ತದೆ. ಇನ್ನು ಬಗ್ಗಿ ಓಡುವವನು, ಮಂಡಿಯೂರಿ ಗುಂಡು ಹಾರಿಸುವವನು, ಸತ್ತು ಬಿದ್ದವನು, ಇವರ ಎತ್ತರವನ್ನು ಮಾರುವವನ ಮಾತಿನ ಮೇಲೆ ನಂಬಿಕೊಳ್ಳಬೇಕು, ಅಷ್ಟೆ.

ಇದೆಲ್ಲ ಮಕ್ಕಳ ವಿಷಯ ಎಂದು ಪುಟ ತಿರುಗಿಸುವ ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ. ಹೊರಗಿನವರಿಗೆ ಈ ಊರೆಂದರೆ ರಾಬಿನ್ ಹುಡ್. ಬೆರಳುದ್ದದ ಸಿಪಾಯಿಗಳ ಭಕ್ತರಿಗೆ ಇದು ಕ್ಷೇತ್ರ. 1983ರಲ್ಲಿ ಮೊದಲು ಹೊರಬಂದು ಜಗತ್ತನ್ನೆಲ್ಲ ಸುತ್ತಿದ ವಾರ್‌ಹ್ಯಾಮರ್ ಆಟದ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಲೆಂಟನ್‌ನಲ್ಲಿದೆ. ಅಲ್ಲಿ ಕೈ ಪಳಗಿಸಿಕೊಂಡವರು ಹಲವರು ಹೊರಬಂದು ಸುತ್ತಮುತ್ತಲೇ ತಮ್ಮ ಸ್ವಂತ ಕಸುಬು ಹೂಡಿದರು. ಸೀಸ ಕರಗಿಸಿ ಸಿಪಾಯಿ ಎರೆಯುತ್ತಿದ್ದ ಕಾಲದ ಗುರುತಾಗಿ ಈ ಸೀಮೆಗೆ ‘ಲೆಡ್ ಬೆಲ್ಟ್’ ಎಂಬ ಅಡ್ಡಹೆಸರೇ ಇದೆ. ಈಗ ಸೀಸದ ಜಾಗಕ್ಕೆ ತವರದ ಮಿಶ್ರಲೋಹ, ಪ್ಲಾಸ್ಟಿಕ್ಕು ಬಂದಿವೆ, ಹೆಸರು ಮಾತ್ರ ಹಾಗೇ ಉಳಿದಿದೆ. ಕೆಲಸಕ್ಕೆಂದು ಇಂಥ ಊರಿಗೆ ಬಂದ ಮೈಸೂರಿನ ಮನುಷ್ಯ ಏನೂ ಅಂಟಿಸಿಕೊಳ್ಳದೆ ವಾಪಸು ಹೋದರೆ ಅದು ಅವನ ಅರಸಿಕತೆ.

ಆಟ ಸರಳ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಹಸಿರು ಬಟ್ಟೆ, ಗುಡ್ಡ, ತೋಪು, ಒಂದೆರಡು ಮನೆ. ಆ ಕಡೆ ಈ ಕಡೆ ಬಣ್ಣ ಹಚ್ಚಿದ ಸೈನ್ಯ. ಟೇಪು ಹಿಡಿದು ಅಳೆದು ನಡೆಸುವುದು, ದಾಳ ಹಾಕಿ ಹೊಡೆಯುವುದು. ವಾರಕ್ಕೊಂದು ಸಂಜೆ ಚರ್ಚಿನ ಹಾಲಿನಲ್ಲಿ ಸೇರುತ್ತೇವೆ. ನಿವೃತ್ತ ಪೋಸ್ಟ್‌ಮನ್ ಒಬ್ಬರು, ಇಬ್ಬರು ಮೇಷ್ಟರು, ಒಬ್ಬ ದಂತವೈದ್ಯ, ನಾನು. ನಡುವೆ ಚಹಾ ಬಿಸ್ಕತ್ತು. ಎಂಥ ಘನಘೋರ ಯುದ್ಧವಾದರೂ ರಾತ್ರಿ ಒಂಬತ್ತೂವರೆಗೆ ಮುಗಿಯಲೇಬೇಕು, ಹಾಲಿನ ಬೀಗದಕೈ ಹಿಂದಿರುಗಿಸಬೇಕಲ್ಲ. ನೆಪೋಲಿಯನ್ನನಿಗೆ ಈ ತಾಪತ್ರಯ ಇರಲಿಲ್ಲ.

ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ ‘ಯಾವ ಅಳತೆಯ ಸಿಪಾಯಿ ಕೊಳ್ಳಲಿ?’ ಎಂಬುದು. ಹಾಲಿನಲ್ಲಿ ಎಷ್ಟು ಮಂದಿ ಇದ್ದಾರೋ ಅಷ್ಟು ಉತ್ತರ ಸಿಗುತ್ತದೆ, ಮತ್ತು ಆ ಸಂಜೆ ಆಟ ನಡೆಯುವುದಿಲ್ಲ. 54, 28, 20, 15, 10, 6 ಎಂದು ಸಂಖ್ಯೆಗೊಂದು ಮತ. ಒಂದು ಮತದವರಿಗೆ ಉಳಿದವರೆಲ್ಲ ದಾರಿ ತಪ್ಪಿದವರು.

ಇವುಗಳಲ್ಲಿ 54ಕ್ಕೆ ಹಿರಿತನದ ಗತ್ತು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಒಳಗೆ ಪೊಳ್ಳಾಗಿರುವ ಸೀಸದ ಸಿಪಾಯಿಗಳನ್ನು ಎರೆದು ಮಾರಲು ತೊಡಗಿತು. ಸೀಸ ಉಳಿಯಿತು, ಬೆಲೆ ಇಳಿಯಿತು, ಸಾಧಾರಣ ಮನೆಯ ಹುಡುಗರ ಕೈಗೂ ಪಲ್ಟನ್ನುಗಳು ಬಂದವು. ಅದೇಕೆ 54? ಆಗಿನ ಆಟದ ರೈಲುಗಳ ಒಂದನೇ ನಂಬರ್ ಗೇಜಿಗೆ ಹೊಂದಲಿ ಎಂದು. ರಣರಂಗದ ಲೆಕ್ಕವೇ ಅಲ್ಲ, ರೈಲ್ವೆ ಸ್ಟೇಷನ್ನಿನ ಲೆಕ್ಕ! ‘ಟೈಮ್ ಮಷೀನ್’ ಬರೆದ ಎಚ್. ಜಿ. ವೆಲ್ಸ್ ಇಂಥ ಸಿಪಾಯಿಗಳನ್ನು ನೆಲದ ಮೇಲೆ ಹರಡಿಕೊಂಡು, ಸ್ಪ್ರಿಂಗ್ ಇರುವ ಆಟದ ಫಿರಂಗಿಯಿಂದ ಹೊಡೆದು ಉರುಳಿಸುತ್ತ, 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ನಿಯಮಗಳ ಪುಸ್ತಕವನ್ನೇ ಪ್ರಕಟಿಸಿದರು. ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನ ಹುಡುಗರಿಗೆ ಎಂದು ಹೆಸರಿನ ಕೆಳಗೇ ಹಾಕಿದ್ದಾರೆ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ವಾಸಿ ಎಂಬುದು ಅವರ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಓದಬೇಕಾದವರು ಯಾರೂ ಓದಿರಲಿಲ್ಲವೆಂದು ಕಾಣುತ್ತದೆ.

ಆ ಕಾಲದ ಪತ್ರಿಕೆಯೊಂದರ ಚಿತ್ರದಲ್ಲಿ ವೆಲ್ಸ್ ಸೂಟುಬೂಟಿನಲ್ಲೇ ನೆಲಕ್ಕೆ ಮಂಡಿಯೂರಿದ್ದಾರೆ. ವಯಸ್ಸು ಆಗ ನಲವತ್ತಾರು. ನನ್ನ ಮಂಡಿ ಅಷ್ಟು ಸಾಹಿತ್ಯಕವಾದದ್ದಲ್ಲ. ಒಮ್ಮೆ 54ರ ಸಿಪಾಯಿಗಳನ್ನಿಟ್ಟು ನೆಲದ ಮೇಲೆ ಆಡಿದಾಗ ನನ್ನನ್ನು ಎಬ್ಬಿಸಿ ನಿಲ್ಲಿಸಲು ಶತ್ರುಪಕ್ಷದವರೇ ಬರಬೇಕಾಯಿತು. 54 ಅಲ್ಲಿಗೆ ಮುಗಿಯಿತು.

20ರದ್ದೂ ರೈಲಿನ ಕಥೆಯೇ. ಬ್ರಿಟನ್ನಿನ ರೈಲು ಎಂಜಿನ್ನುಗಳು ಯೂರೋಪಿನವಕ್ಕಿಂತ ಸಣ್ಣ ಮೈಯವು. ಯೂರೋಪಿನವರ ಹಾಗೆ 1:87ಕ್ಕೆ ಕುಗ್ಗಿಸಿದರೆ ಆಗಿನ ಮೋಟರು ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಇಲ್ಲಿನವರು ಎಂಜಿನ್ನನ್ನು 1:76ಕ್ಕೆ ಹಿಗ್ಗಿಸಿದರು, ಹಳಿಯನ್ನು ಮಾತ್ರ 1:87ರಲ್ಲೇ ಬಿಟ್ಟರು. ಈ ದೇಶದ ಮನೆಮನೆಯ ಅಟ್ಟಗಳಲ್ಲಿ ಇಂದಿಗೂ ಓಡುತ್ತಿರುವ ಆಟದ ರೈಲುಗಳು ತಮ್ಮ ಮೈಗೆ ಕಿರಿದಾದ ಹಳಿಯ ಮೇಲೆ ದಶಕಗಳಿಂದ ಓಡುತ್ತಿವೆ, ಯಾರೂ ಬಿದ್ದಿಲ್ಲ. ಏರ್‌ಫಿಕ್ಸ್ ಕಂಪನಿ 1959ರಿಂದ ಪ್ಲಾಸ್ಟಿಕ್ ಸಿಪಾಯಿಗಳನ್ನು ಮಾರತೊಡಗಿದಾಗ ಡಬ್ಬಿಯ ಮೇಲೆ ‘ಎಚ್‌ಒ/ಒಒ’ ಎಂದು ಎರಡೂ ಅಳತೆಯ ಹೆಸರು ಹಾಕಿ ಜಗಳದಿಂದ ತಪ್ಪಿಸಿಕೊಂಡಿತು. ಕೊಂಡವನು ಯಾವುದನ್ನು ಬೇಕಾದರೂ ನಂಬಿಕೊಳ್ಳಲಿ. ಈ ಜಾಣತನ ನನಗೆ ಬಹಳ ಹಿಡಿಸಿತು.

28ರದ್ದು ಬೇರೆ ರೋಗ, ಅದು ಬೆಳೆಯುತ್ತದೆ. ನಮ್ಮ ಪೋಸ್ಟ್‌ಮನ್ನರು ಹುಡುಗರಾಗಿದ್ದಾಗ ಅದು 25 ಇತ್ತಂತೆ. 25 ಹೋಗಿ 28 ಆಯಿತು, ಈಗ 32ರ ಬಾಗಿಲು ತಟ್ಟುತ್ತಿದೆ. ಅವರ ಹಳೆಯ ಸೈನ್ಯವನ್ನು ಇಂದಿನವರ ಎದುರು ನಿಲ್ಲಿಸಿದರೆ ಶಾಲಾಮಕ್ಕಳನ್ನು ಯುದ್ಧಕ್ಕೆ ಕಳಿಸಿದ ಪಾಪ ಬರುತ್ತದೆ. ಮೈ ಬೆಳೆಯುವುದಷ್ಟೇ ಅಲ್ಲ, ತಲೆ, ಮುಷ್ಟಿ, ಕೋವಿ ಮೈಗಿಂತ ಹೆಚ್ಚು ಬೆಳೆಯುತ್ತವೆ. ಅದಕ್ಕೂ ಕಾರಣವಿದೆ. ನಿಜವಾದ ಪ್ರಮಾಣದಲ್ಲಿ ಎರೆದ ಬಂದೂಕಿನ ಸನೀನು ಕೂದಲಿನಷ್ಟಾಗಿ ಮುಟ್ಟಿದರೆ ಮುರಿಯುತ್ತದೆ, ನಿಜವಾದ ಪ್ರಮಾಣದ ಮುಖ ಮೇಜಿನಾಚೆ ನಿಂತವನಿಗೆ ಕಾಣುವುದೇ ಇಲ್ಲ. ಆದ್ದರಿಂದ ಎಲ್ಲವನ್ನೂ ದಪ್ಪ ಮಾಡಿ ಅದಕ್ಕೆ ‘ಹೀರೋಯಿಕ್’ ಅಳತೆ ಎಂದು ನಾಮಕರಣ ಮಾಡಿದ್ದಾರೆ.

ಒಂದು ಭಾನುವಾರ ಮಳೆ ಹಿಡಿದು ಕೂತಿತ್ತು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 28 ಮಿ.ಮೀ. ಎಂದರೆ ಹೆಚ್ಚುಕಮ್ಮಿ 1:56. ವಾಟರ್ಲೂ ಕಾಲದ ಫಿರಂಗಿಯ ಗುಂಡು 800 ಮೀಟರ್ ದೂರದಲ್ಲಿದ್ದವರಿಗೂ ತಗಲುತ್ತಿತ್ತು. 800ನ್ನು 56ರಿಂದ ಭಾಗಿಸಿದರೆ 14 ಮೀಟರಿನ ಮೇಲೆ. ಮೇಜು ಎರಡು ಮೀಟರೂ ಇಲ್ಲ. ನನ್ನ ಫಿರಂಗಿ ನ್ಯಾಯವಾಗಿ ಹೊಡೆಯಬೇಕೆಂದರೆ ಅದನ್ನು ಹಾಲಿನಿಂದ ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ, ದಂತವೈದ್ಯರ ಕಾರಿನ ಬಾನೆಟ್ಟಿನ ಮೇಲಿಡಬೇಕು. ಶ್ರೀರಂಗಪಟ್ಟಣದ ದ್ವೀಪ ಉದ್ದಕ್ಕೆ ಸುಮಾರು ಮೂರು ಮೈಲಿ. ಅದನ್ನು 28ರಲ್ಲಿ ಮಾಡಹೊರಟರೆ ಫುಟ್‌ಬಾಲ್ ಮೈದಾನವೇ ಬೇಕು. 6 ಮಿ.ಮೀ.ಗೆ, ಅಂದರೆ 1:300ಕ್ಕೆ ಇಳಿದರೂ 16 ಮೀಟರ್, ಚರ್ಚಿನ ಗೋಡೆ ಒಡೆಸಬೇಕು. ಪಾದ್ರಿಗಳು ಒಪ್ಪಲಾರರು.

ಹಾಗಾಗಿ ಎಲ್ಲರೂ ಸೇರಿ ಒಪ್ಪಿಕೊಂಡ ಸುಳ್ಳೊಂದಿದೆ. ಸಿಪಾಯಿಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು. ಒಬ್ಬ ಸಿಪಾಯಿ ನಿಂತರೆ ಇಪ್ಪತ್ತೋ ಮೂವತ್ತೋ ಜನ ನಿಂತ ಲೆಕ್ಕ. ಒಂದು ಮನೆ ಇಟ್ಟರೆ ಹಳ್ಳಿ, ಮೂರು ಮರ ಇಟ್ಟರೆ ಕಾಡು. ಆ ಮನೆಯ ಬಾಗಿಲು ಸಿಪಾಯಿಯ ಎತ್ತರಕ್ಕೆ ಸರಿಯಾಗಿರುತ್ತದೆ, ಆದರೆ ನೆಲದ ಲೆಕ್ಕ ಹಿಡಿದರೆ ಮನೆ ಮುಕ್ಕಾಲು ಫರ್ಲಾಂಗು ಅಗಲ! ಇಷ್ಟೆಲ್ಲ ಸುಳ್ಳನ್ನು ನುಂಗಿ ನೀರು ಕುಡಿದವರು ಆಮೇಲೆ ಸಿಪಾಯಿಯ ಎತ್ತರ ಎರಡು ಮಿಲಿಮೀಟರ್ ಹೆಚ್ಚಾಯಿತೆಂದು ಮಾತು ಬಿಡುತ್ತಾರೆ.

ಈ ಸಂಕಟವನ್ನು ವಿಡಿಯೊ ಕರೆಯಲ್ಲಿ ಅಮ್ಮನಿಗೆ ಹೇಳಿದೆ. ನವರಾತ್ರಿ ಹತ್ತಿರವಿತ್ತು. ಮೈಸೂರಿನ ಮನೆಯಲ್ಲಿ ಅವರು ಗೊಂಬೆಗಳನ್ನು ಅಟ್ಟದಿಂದ ಇಳಿಸಿ ಒರೆಸುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟ ರಾಜ ರಾಣಿ. ಅದರ ಕೆಳಗೆ ದಶಾವತಾರ. ಅದರಲ್ಲಿ ವಾಮನ ಎಲ್ಲರಿಗಿಂತ ಎತ್ತರ. ಹಳೆಯ ವಾಮನ ಒಡೆದುಹೋಗಿ ಬೇರೆ ಸೆಟ್ಟಿನವನು ಬಂದಿದ್ದಾನೆ. ಚನ್ನಪಟ್ಟಣದ ಮರದ ಪೊಲೀಸು ಪಕ್ಕದ ಅರಮನೆಗಿಂತ ದೊಡ್ಡವನು. ಅಂಗಡಿ ಶೆಟ್ಟರ ಮುಂದೆ ಸಣ್ಣ ಸಣ್ಣ ತಟ್ಟೆಗಳಲ್ಲಿ ನಿಜವಾದ ಅಕ್ಕಿ, ನಿಜವಾದ ತೊಗರಿಬೇಳೆ. ಒಂದು ಬೇಳೆ ಶೆಟ್ಟರ ಅಂಗೈ ತುಂಬುತ್ತದೆ. ಗೊಂಬೆ ನೋಡಲು ಬಂದವರಲ್ಲಿ ಒಬ್ಬರಾದರೂ ಅಳತೆ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಹುಡುಗರಾದ ನಮ್ಮ ಕಣ್ಣೆಲ್ಲ ಗೊಂಬೆ ಬಾಗಿನದ ಚಕ್ಕುಲಿಯ ಮೇಲೇ.

“ಏನೋ ಅದು, ಇಷ್ಟಿಷ್ಟೇ ಇದಾವೆ?” ಅಂದರು ಅಮ್ಮ.

“ಸಿಪಾಯಿಗಳಮ್ಮ.”

“ಬರೋವಾಗ ಒಂದಿಪ್ಪತ್ತು ತಗೊಂಡ್ಬಾ. ಅರಮನೆ ಮುಂದೆ ಕಾವಲಿಗಾಗತ್ತೆ.”

“ಅದು ಹೊಂದಲ್ಲಮ್ಮ. ಅರಮನೆ ಬಾಗಿಲು ಇವರ ಮೊಣಕಾಲಿಗೆ ಬರತ್ತೆ ಅಷ್ಟೆ.”

“ಅರಮನೇನ ಹಿಂದಕ್ಕೆ ಸರಿಸ್ತೀನಿ ಬಿಡು. ದೂರದಲ್ಲಿದೆ ಅನ್ನೋ ಥರ ಕಾಣತ್ತೆ.”

ನಾನು ಸುಮ್ಮನಾದೆ. ಇಲ್ಲಿನ ದೊಡ್ಡ ಪ್ರದರ್ಶನಗಳಲ್ಲಿ ನುರಿತವರು ಮಾಡುವ ಉಪಾಯವೂ ಇದೇ. ಮೇಜಿನ ಹಿಂಬದಿಯ ಬೆಟ್ಟದ ಮೇಲೆ ಸಣ್ಣ ಅಳತೆಯ ಊರನ್ನಿಟ್ಟು ದೂರ ತೋರಿಸುತ್ತಾರೆ.

ಅಳತೆಗೆ ನಿಷ್ಠರಾಗಿ ಹೊರಟವರ ಪಾಡು ತಿಳಿಯಬೇಕಾದರೆ ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿಗೆ ಹೋಗಬೇಕು. ಅಲ್ಲಿ ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ ಮಾಡಿದ ವಾಟರ್ಲೂ ಯುದ್ಧದ ಮಾದರಿ ಇದೆ. ಎಪ್ಪತ್ತು ಸಾವಿರಕ್ಕೂ ಮೇಲೆ ಸಿಪಾಯಿಗಳು, ಒಬ್ಬೊಬ್ಬನೂ ಸುಮಾರು 10 ಮಿ.ಮೀ. ಗಾಜಿಗೆ ಮೂಗು ಒತ್ತಿ ನೋಡಿದರೆ ಕುದುರೆಯ ಬಾಲ ಕೂಡ ಕಾಣುತ್ತದೆ. 1830ರಲ್ಲಿ ಈ ಕೆಲಸ ಒಪ್ಪಿಕೊಂಡ ಪುಣ್ಯಾತ್ಮ ರಣರಂಗದ ನಡುವಿನ ತೋಟದ ಮನೆಯಲ್ಲೇ ತಿಂಗಳುಗಟ್ಟಲೆ ಬಿಡಾರ ಮಾಡಿ ನೆಲ ಅಳೆದರು. ಬದುಕಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು ಸಂಜೆ ಏಳು ಗಂಟೆಗೆ ನೀವೆಲ್ಲಿದ್ದಿರಿ, ಎದುರಿಗೆ ಯಾವ ಬೆಳೆ ಇತ್ತು ಎಂದು ಕೇಳಿದರು. ನಡುವೆ ಸರ್ಕಾರ ದುಡ್ಡು ನಿಲ್ಲಿಸಿತು, ಸಾಲ ಮಾಡಿದರು. 1838ರಲ್ಲಿ ಪ್ರದರ್ಶನಕ್ಕಿಟ್ಟಾಗ ಯುದ್ಧ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್ನರಿಗೇ ಅದು ಸರಿಬರಲಿಲ್ಲ. ನೆರವಿಗೆ ಬಂದ ಪ್ರಷ್ಯನ್ನರು ಮಾದರಿಯಲ್ಲಿ ಬಹಳ ಮಂದಿ ಕಾಣುತ್ತಾರೆ ಎಂಬುದು ತಕರಾರು. ಕೊನೆಗೆ ಆ ಪ್ರಷ್ಯನ್ನರಲ್ಲಿ ಬಹಳ ಮಂದಿಯನ್ನು ಕಿತ್ತು ತೆಗೆಯಬೇಕಾಯಿತು.

ಈ ವೆಲಿಂಗ್ಟನ್ ನಮಗೆ ಹಳೆಯ ಪರಿಚಯ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ ಪೆಟ್ಟು ತಿಂದು ಹಿಂದಿರುಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವರೇ. ಪಟ್ಟಣ ಬಿದ್ದ ಮೇಲೆ ಇವರು ವಾಸಕ್ಕೆ ಹಿಡಿದದ್ದು ದರಿಯಾ ದೌಲತ್ತನ್ನು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಹೈದರನೂ ಟಿಪ್ಪುವೂ ಸೇರಿ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದ ಯುದ್ಧ. ಶಾಲೆಯ ಪ್ರವಾಸದಲ್ಲಿ ಹೋದಾಗ ಮೇಷ್ಟರು ಕೋಲು ಚಾಚಿ ತೋರಿಸಿದ್ದರು, ಮದ್ದಿನ ಗಾಡಿ ಸಿಡಿಯುತ್ತಿದೆ, ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ದೂರದವರು ಸಣ್ಣಗೆ ಕಾಣಬೇಕೆಂಬ ಕಟ್ಟಳೆಯೇ ಇಲ್ಲದೆ ಕುದುರೆಯ ಸಾಲಿನ ಮೇಲೆ ಕುದುರೆಯ ಸಾಲು. ಮುತ್ತಿಗೆಗೆ ಮೊದಲು ಅಳಿಸಿದ್ದ ಆ ಚಿತ್ರವನ್ನು ಮತ್ತೆ ಬರೆಸಿದವರು ವೆಲ್ಲೆಸ್ಲಿಯೇ ಎನ್ನುತ್ತಾರೆ. ತಮ್ಮವರು ಸೋತ ಯುದ್ಧದ ಚಿತ್ರವನ್ನು ಅಳತೆ ಗಿಳತೆ ಕೇಳದೆ ಬರೆಸಿದ ಮನುಷ್ಯ, ತಾವು ಗೆದ್ದ ಯುದ್ಧವನ್ನು ಅಳೆದು ತೋರಿಸಿದವನ ಮೇಲೆ ಮುನಿಸಿಕೊಂಡರು!

ಈ ಚಿತ್ರ ನೆನಪಾದ ಮೇಲೆ ಯಾವ ಯುದ್ಧ ಆಡಬೇಕೆಂಬುದು ತೀರ್ಮಾನವಾಯಿತು, ಮೈಸೂರಿನದೇ. ಅಳತೆಯ ತೀರ್ಮಾನವನ್ನು ಬಣ್ಣದ ಮೇಲೆ ಬಿಟ್ಟೆ. ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ಹುಲಿಪಟ್ಟೆ. 28ರ ಒಬ್ಬನನ್ನು ಹಿಡಿದು ಕೂತೆ. ಬಾಟಲಿಯ ಬಿರಡೆಗೆ ಅವನನ್ನು ಅಂಟಿಸಿಕೊಂಡು, ಮೂರು ಸೊನ್ನೆಯ ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಮೊನಚು ಮಾಡಿ, ಉಸಿರು ಬಿಗಿಹಿಡಿದು ಒಂದು ಪಟ್ಟೆ. ಉಸಿರು ಬಿಟ್ಟು ಇನ್ನೊಂದು. ತೋಳಿನ ಮಡಿಕೆಯಲ್ಲಿ ಪಟ್ಟೆ ಹೇಗೆ ತಿರುಗಬೇಕು, ಅಡ್ಡಪಟ್ಟಿಯ ಚರ್ಮದ ಕೆಳಗೆ ಹೋದದ್ದು ಮತ್ತೆ ಎಲ್ಲಿ ಹೊರಬರಬೇಕು ಎಂದೆಲ್ಲ ಯೋಚಿಸಿ ಮುಗಿಸುವ ಹೊತ್ತಿಗೆ ಸಂಜೆ ಹೋಗಿ ರಾತ್ರಿಯಾಗಿತ್ತು. ಸೈನಿಕ ಮಾತ್ರ ಸೊಗಸಾಗಿದ್ದ, ಹೆಸರಿಟ್ಟು ಕರೆಯಬೇಕು ಅನ್ನಿಸುವಷ್ಟು. ಹೆಸರಿಟ್ಟವನನ್ನು ದಾಳ ಹಾಕಿ ಸಾಯಿಸುವುದು ಹೇಗೆ?

6ಕ್ಕೆ ಹೋದೆ. ಚಾಳೀಸಿನ ಮೇಲೆ ಭೂತಗನ್ನಡಿ ಹಿಡಿದುಕೊಂಡು ಸಾಲುಸಾಲಾಗಿ ನೇರಳೆ ಚುಕ್ಕೆ ಇಡುತ್ತಿರುವಾಗ ಹೆಂಡತಿ ಕಾಫಿ ತಂದಿಟ್ಟು ಬಗ್ಗಿ ನೋಡಿದಳು. “ಏನ್ರೀ, ಅಕ್ಕಿಕಾಳಿಗೆ ಬಣ್ಣ ಹಚ್ತಾ ಕೂತಿದೀರಾ?” ಅಂದಳು. ಹುಲಿಪಟ್ಟೆಯ ಮಾತೇ ಇಲ್ಲ, ಹುಲಿಯೇ ಕಾಣುವುದಿಲ್ಲ. ಆದರೆ ನೂರಾರು ಮಂದಿಯನ್ನು ಒಟ್ಟಿಗೆ ನಿಲ್ಲಿಸಿ ನಾಲ್ಕಡಿ ಹಿಂದೆ ಸರಿದರೆ ಸೈನ್ಯ ಎಂದರೆ ಇದು ಅನ್ನಿಸುತ್ತದೆ, 28ರಲ್ಲಿ ಎಷ್ಟು ಮಾಡಿದರೂ ಅದು ಶಾಲೆಯ ಡ್ರಿಲ್ಲೇ. ನಾನು 6ಕ್ಕೆ ಒಲಿದೇಬಿಟ್ಟಿದ್ದೆ. ಅಷ್ಟರಲ್ಲಿ ಒಳಗೆ ಒಗ್ಗರಣೆಗೆ ಮೆಣಸಿನಕಾಯಿ ಬಿತ್ತು, ನಾನು ಸೀನಿದೆ, ಇನ್ನೂ ಅಂಟು ಕಾಣದ ಒಂದು ಪಲ್ಟನ್ನು ಕಾರ್ಪೆಟ್ಟಿನಲ್ಲಿ ಭೂಗತವಾಯಿತು. ಈಗಲೂ ವ್ಯಾಕ್ಯೂಮ್ ಕ್ಲೀನರು ಆಗೊಮ್ಮೆ ಈಗೊಮ್ಮೆ ಟಣ್ಣೆಂದು ಸದ್ದು ಮಾಡುತ್ತದೆ.

ಮಂಡಿಗೆ 54 ಆಗದು, ಕಣ್ಣಿಗೆ 6 ಆಗದು. ನಡುವೆ ಉಳಿದದ್ದರಲ್ಲಿ ನಾನೇನು ಆರಿಸಬೇಕೆಂದು ಇನ್ನಷ್ಟು ದಿನ ತೂಗುತ್ತಿದ್ದೆನೋ ಏನೋ. ಪೋಸ್ಟ್‌ಮನ್ನರು ಒಂದು ಸಂಜೆ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ನನ್ನ ಮುಂದೆ ತೆರೆದರು. ಒಳಗೆ ಹತ್ತಿ ಹಾಸಿ ಮಲಗಿಸಿದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ಗೋರಾಗಳು, ಮದ್ರಾಸಿನ ಸಿಪಾಯಿಗಳು, ಎತ್ತು ಹೂಡಿದ ಫಿರಂಗಿಗಳು, ಎಲ್ಲ 15 ಮಿ.ಮೀ. ವರ್ಷಗಳಿಂದ ಎದುರಾಳಿಯಿಲ್ಲದೆ ಡಬ್ಬಿಯಲ್ಲೇ ಮಲಗಿದ್ದವರು. ನನ್ನ ಲೆಕ್ಕದ ಕಾಗದ ಕಸದಬುಟ್ಟಿಗೆ ಹೋಯಿತು. ಆಡಲು ಇಬ್ಬರು ಬೇಕು. ಎದುರಿಗಿರುವವರ ಡಬ್ಬಿಯಲ್ಲಿ ಏನಿದೆಯೋ ಅದೇ ಅಳತೆ. ಹೊಸಬರು ಕೇಳಿದರೆ ನಾನೀಗ ಕೊಡುವ ಉತ್ತರ ಇದೊಂದೇ, ಮತ್ತು ಇದನ್ನು ಕೇಳಿದವರಿಗೆಲ್ಲ ನಿರಾಶೆಯಾಗುತ್ತದೆ.

15ರಲ್ಲಿ ಹುಲಿಪಟ್ಟೆಗೆ ಬೆನ್ನಿಗೆ ಮೂರು ಗೀಟು, ತೋಳಿಗೆ ಒಂದೊಂದು. ತೋಳಿನಳತೆ ದೂರದಿಂದ ನೋಡಿದರೆ ಹುಲಿ ಹುಲಿಯೇ. ಚಳಿಗಾಲ ಕಳೆಯುವುದರೊಳಗೆ ಪಲ್ಟನ್ನುಗಳು, ಸಿಲ್ಲೇದಾರ ಕುದುರೆಗಳು, ಬಿದಿರಿನ ಬಾಲದ ರಾಕೆಟ್ಟಿನವರು ಎಲ್ಲ ಸಿದ್ಧವಾದರು. ಎಡವಟ್ಟಾದದ್ದು ಆಮೇಲೆ. ನಮ್ಮ ನಿಯಮದಲ್ಲಿ ರಾಕೆಟ್ಟು ಯಾವ ದಿಕ್ಕಿಗೆ ಹೋಗುತ್ತದೆಂದು ದಾಳ ಹೇಳುತ್ತದೆ, ಒಮ್ಮೊಮ್ಮೆ ಹಾರಿಸಿದವನ ಕಡೆಗೇ ತಿರುಗುತ್ತದೆ. ಒಂದು ಸಲ ಹಾರಿಸಿ ನೋಡಿದ ಇಂಗ್ಲಿಷರಿಗೆಲ್ಲ ಈಗ ಮೈಸೂರೇ ಬೇಕು. ಮೇಷ್ಟರಿಬ್ಬರೂ ಹೈದರ್ ಆಗಲು ಚೀಟಿ ಎತ್ತುತ್ತಾರೆ, ದಂತವೈದ್ಯರು ಟಿಪ್ಪುವಿನ ಸ್ಥಾನವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅತಿಥಿ ಮರ್ಯಾದೆ ಎಂದು ಮೊದಲ ಸಲ ಒಪ್ಪಿಕೊಂಡವನು ನಾನು, ಅಂದಿನಿಂದ ಲಾರ್ಡ್ ಕಾರ್ನ್‌ವಾಲಿಸನಾಗಿ ಕಂಪನಿ ಸೈನ್ಯವನ್ನು ಎತ್ತಿನ ಗಾಡಿಯಲ್ಲಿ ಎಳೆಯುತ್ತಿದ್ದೇನೆ.

ಆದ್ದರಿಂದ ಈ ಕಡೆ ಬರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಒಂದು ಸಂಜೆ ಬಿಡುವು ಮಾಡಿಕೊಂಡು, ಇಂಗ್ಲಿಷರ ಪಕ್ಷ ವಹಿಸಿ, ನನಗೆ ಮೈಸೂರನ್ನು ಬಿಟ್ಟುಕೊಡಿ. ಸಿಪಾಯಿಗಳನ್ನು ತರಬೇಕಾಗಿಲ್ಲ, ಎರಡೂ ಕಡೆಯವು ಇಲ್ಲೇ ಇವೆ. ತರುವುದೇ ಆದರೆ 15 ಮಿ.ಮೀ., ಅದೂ ಕಣ್ಣಿನವರೆಗೆ ಅಳೆದದ್ದು.